ಹತ್ತನೆಯ ಉಣ್ಣೆ

ಲೋಕದಲ್ಲಿ ರಾಜ್ಯಗಳು ಕಳೆದುಹೋಗಿವೆ, ಕಿರೀಟಗಳು ಕಳೆದುಹೋಗಿವೆ, ಠೇವಣಿಗಳಂತೂ ಪ್ರತಿ ಚುನಾವಣೆಯಲ್ಲೂ ಕಳೆದುಹೋಗುತ್ತವೆ. ಆದರೆ ಆ ಬುಧವಾರ ಮಧ್ಯಾಹ್ನ ಅರಕಲಗೂಡಿನಿಂದ ಹೊರಟ ಖಾಸಗಿ ಬಸ್ಸಿನಲ್ಲಿ ಶಾಂತರಾಜು ಕಳೆದುಕೊಂಡದ್ದು ಇವೆಲ್ಲಕ್ಕಿಂತ ಘನವಾದದ್ದು. ಅವನು ಒಂದು ಉಣ್ಣೆಹುಳ ಕಳೆದುಕೊಂಡಿದ್ದ.

ದನದ ಕಿವಿಯಲ್ಲೋ ನಾಯಿಯ ಕತ್ತಿನಲ್ಲೋ ಕಚ್ಚಿಕೊಂಡು ರಕ್ತ ಹೀರುತ್ತದಲ್ಲ, ಅದೇ ಉಣ್ಣೆ. ಶಾಂತರಾಜು ಆರೋಗ್ಯ ಇಲಾಖೆಯ ಗುತ್ತಿಗೆ ನೌಕರ. ತಾಲ್ಲೂಕಿನ ಕಾಡಂಚಿನಲ್ಲಿ ಒಂದು ಕೋತಿ ಸತ್ತು ಬಿದ್ದಿತ್ತು. ಕೋತಿ ಸತ್ತರೆ ಮಂಗನ ಕಾಯಿಲೆಯ ಗುಮಾನಿ. ಆ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಉಣ್ಣೆ. ಆದ್ದರಿಂದ ಕುರುಚಲು ಗಿಡಗಳ ಮೇಲೆ ಬಿಳಿ ಬಟ್ಟೆ ಎಳೆದಾಡಿ, ಅದಕ್ಕೆ ಅಂಟಿಕೊಂಡ ಉಣ್ಣೆಗಳನ್ನು ಚಿಮಟದಲ್ಲಿ ಹೆಕ್ಕಿ, ಗಾಜಿನ ಸೀಸೆಗೆ ಹಾಕಿ, ಬಾಯಿಗೆ ಹತ್ತಿ ತುರುಕಿ ಹಾಸನದ ಕಚೇರಿಗೆ ಒಪ್ಪಿಸಬೇಕು.

“ಹತ್ತು ಉಣ್ಣೆ, ಜೀವಂತ, ಇವತ್ತೇ ಸಂಜೆಯೊಳಗೆ” ಎಂದಿದ್ದರು ಜಿಲ್ಲಾ ಕಚೇರಿಯ ಗಂಗಾಂಬಿಕೆ ಮೇಡಂ. “ನಿಮ್ಮ ಗುತ್ತಿಗೆ ನವೀಕರಣದ ಫೈಲೂ ನನ್ನ ಟೇಬಲ್ ಮೇಲೇ ಇದೆ” ಎಂದು, ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲವೆಂಬ ದನಿಯಲ್ಲಿ ಸೇರಿಸಿದ್ದರು.

ಬೆಳಿಗ್ಗೆಯೇ ಹತ್ತು ಸಿಕ್ಕಿದ್ದವು. ಕಾಡಿಗೆ ಹೋಗುವವರು ಉಣ್ಣೆ ಹತ್ತದ ಹಾಗೆ ಮೈಗೆ ಎಣ್ಣೆ ಬಳಿಯಿರಿ, ತುಂಬುತೋಳಿನ ಅಂಗಿ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ ಎಂದು ಊರೂರಿಗೆ ಹೋಗಿ ಸಾರುವ ಕೆಲಸವೂ ಶಾಂತರಾಜುವಿನದೇ. ಆದರೆ ಇವತ್ತು ಮೇಡಂ ಮುಂದೆ ನಿಲ್ಲಬೇಕು, ಆ ಎಣ್ಣೆಯ ವಾಸನೆ ಬೇಡ ಎಂದು ಅವನೇ ಬಳಿದುಕೊಂಡಿರಲಿಲ್ಲ. ಹೊಸ ಅಂಗಿ ತೊಟ್ಟಿದ್ದ. ಅದರ ಗಂಜಿ ಹಾಕಿದ ಕಾಲರು ಬೆಳಗಿನಿಂದ ಕತ್ತನ್ನು ತುರಿಸುತ್ತಿತ್ತು.

ಬಸ್ಸು ರಸ್ತೆಯ ಹಂಪಿನ ಮೇಲೆ ಎಗರಿ ಬಿದ್ದಾಗ ಅನುಮಾನ ಬಂದು ಶಾಂತರಾಜು ಸೀಸೆ ತೆಗೆದ. ಹತ್ತಿ ಸಡಿಲವಾಗಿತ್ತು. ಎಣಿಸಿದ. ಒಂಬತ್ತು. ಸೀಸೆ ತಿರುಗಿಸಿ ಎಣಿಸಿದ. ಆಗಲೂ ಒಂಬತ್ತೇ. ಅಂದರೆ ಸರ್ಕಾರಕ್ಕೆ ಸೇರಿದ, ಸೋಂಕಿನ ಗುಮಾನಿಯಿರುವ ಒಂದು ಉಣ್ಣೆ ಕಿಕ್ಕಿರಿದ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತಿತ್ತು.

ಹತ್ತಿಯನ್ನು ಬಿಗಿಯಾಗಿ ಒತ್ತಿ, ಸೀಸೆಯನ್ನು ಜೇಬಿಗೆ ಸೇರಿಸಿ, ಅವನು ಸೀಟಿನ ಕೆಳಗೆ ಬಗ್ಗಿದ.

“ಏನ್ಲಾ ಮಗ, ಅಂಗೆ ಕಾಲ್ ಸಂದೀಲಿ ಉಡುಕ್ತಾ ಇದ್ದೀಯ?” ಪಕ್ಕದ ಸೀಟಿನ ಹೊನ್ನಕ್ಕ ಕೇಳಿದಳು. ಹತ್ತಿದಾಗಿನಿಂದ ಅವನ ಊರು, ಸಂಬಳ, ಮಕ್ಕಳನ್ನೆಲ್ಲ ವಿಚಾರಿಸಿ ಮುಗಿಸಿದ್ದ ಮುದುಕಿಗೆ ಹೊಸ ವಿಷಯ ಬೇಕಾಗಿತ್ತು.

ಉಣ್ಣೆ ಎಂದರೆ ಬಸ್ಸು ಹುಚ್ಚೇಳುತ್ತದೆ. ಅಷ್ಟೇ ಗಾತ್ರದ ಬೇರೊಂದು ವಸ್ತು ಬೇಕಿತ್ತು. “ಮೂಗುಬೊಟ್ಟು ಅವ್ವ. ಹೆಂಡ್ತೀದು. ತಿರುಪು ಹಾಕ್ಸಕ್ಕೆ ತಗೊಂಡೋಗ್ತಿದ್ದೆ.”

“ಬಂಗಾರದ್ದಾ?”

“ಊಂ.”

ಹೊನ್ನಕ್ಕ ಎದ್ದು ನಿಂತಳು. “ಯಾರೂ ಇಳೀಬ್ಯಾಡಿ ಕಣ್ರಪ್ಪಾ. ಈ ಮಗಂದು ಬಂಗಾರ ಬಿದ್ದೋಗೈತೆ.”

ಅಲ್ಲಿಯವರೆಗೆ ಸೀಟಿಗಾಗಿ ಕಚ್ಚಾಡುತ್ತಿದ್ದ ಜನ ಸೀಟು ಬಿಟ್ಟು ನೆಲಕ್ಕಿಳಿದರು. ಕೊಬ್ಬರಿ ವ್ಯಾಪಾರಿ ಚಂದ್ರಮೌಳಿ ಪಂಚೆ ಎತ್ತಿ ಕಟ್ಟಿ, ಮೊಬೈಲಿನ ಟಾರ್ಚು ಹಚ್ಚಿ ಮುಂದಾಳತ್ವ ವಹಿಸಿದರು.

“ಬರಿಗೈಲಿ ಮುಟ್ಬೇಡಿ” ಎಂದು ಶಾಂತರಾಜು ಕೂಗಿದ.

“ಯಾಕ್ರೀ? ನಾವೇನು ಕಳ್ಳರಾ?” ಎಂದರು ಚಂದ್ರಮೌಳಿ.

“ಅಲ್ಲ ಸಾ, ಅದು ಹರಕೇದು. ಕಂಡ್ರೆ ಚಿವುಟ್ಬೇಡಿ, ಉಗುರಲ್ಲಿ ಕುಕ್ಬೇಡಿ, ನನ್ನ ಕರೀರಿ. ಮೈಮೇಲೂ ನೋಡ್ಕೊಳ್ಳಿ. ಕಿವಿ ಹಿಂದೆ, ಕಂಕುಳು, ಸೊಂಟದ ಸುತ್ತ.”

ಹೊನ್ನಕ್ಕ ಮೊಣಕಾಲೂರಿದ್ದಲ್ಲಿಂದಲೇ ತಲೆ ಎತ್ತಿದಳು. “ಮೂಗುಬೊಟ್ಟು ಮೈಮ್ಯಾಕೆ ಅತ್ತತದೇನ್ಲಾ?”

“ಹಗುರದ್ದು ಅವ್ವ. ಗಾಳಿಗೆ ಹಂಗೇ…”

ಅಷ್ಟರಲ್ಲಿ ಕಂಡಕ್ಟರ್ ಚನ್ನಪ್ಪ ಎರಡೂ ಬಾಗಿಲು ಜಡಿದ. ಬಸ್ಸಿನಲ್ಲಿ ಒಡವೆ ಕಳೆದರೆ ಯಾರನ್ನೂ ಇಳಿಸದೆ ಬಸ್ಸನ್ನು ನೇರ ಪೊಲೀಸರ ಬಾಗಿಲಿಗೆ ಹೊಡೆಯುವುದು ನಮ್ಮ ಕಡೆಯ ಕಂಡಕ್ಟರುಗಳು ಹೆಮ್ಮೆಯಿಂದ ಪಾಲಿಸಿಕೊಂಡು ಬಂದಿರುವ ಪದ್ಧತಿ.

“ಬೇಡ ಅಣ್ಣ, ಹೋದ್ರೆ ಹೋಗ್ಲಿ ಬಿಡಿ” ಎಂದ ಶಾಂತರಾಜು.

“ಓಗ್ಲಿ ಬಿಡಾಕೆ ಅದೇನ್ ಕಳ್ಳೇಕಾಯಾ? ನಿಮ್ಗೆ ಬಂಗಾರ ಓಯ್ತದೆ, ನಮ್ಗೆ ಬಸ್ಸಿನ್ ಎಸ್ರು ಓಯ್ತದೆ. ಕೂತ್ಕಳಿ ಸಾ.”

ಬಸ್ಸು ಮುಂದಿನ ಔಟ್‌ಪೋಸ್ಟಿನ ಕಡೆ ಹಾರತೊಡಗಿತು. ಆಗಲೇ ಹಿಂದಿನ ಸೀಟಿನಡಿಯಿಂದ ಚಂದ್ರಮೌಳಿಯವರ ದನಿ ಬಂತು. “ಸಿಕ್ತು.”

ಶಾಂತರಾಜು ಚಿಮಟ ಹಿಡಿದು ಓಡಿದ. ಚಂದ್ರಮೌಳಿಯವರ ಅಂಗೈಯಲ್ಲಿ ಕೆಂಪು ಹರಳಿನ ಬಂಗಾರದ ಮೂಗುಬೊಟ್ಟು ಮಿನುಗುತ್ತಿತ್ತು.

ಅಷ್ಟು ಜನರ ಸಂತೋಷದ ಎದುರು ಒಬ್ಬ ಗುತ್ತಿಗೆ ನೌಕರ ಏನು ತಾನೇ ಹೇಳಿಯಾನು? “ಇದೇ ಸಾ, ಇದೇ” ಎಂದು ಜೇಬಿಗಿಳಿಸಿದ. ಸದ್ಯ, ಜನ ನೆಲ ಬಿಟ್ಟು ಎದ್ದರಲ್ಲ ಎಂದುಕೊಂಡ.

ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸುತ್ತಿದ್ದ ಕೈ ಮೂಗಿನ ಬಳಿ ನಿಂತಿತು. ಮೂಗಿನ ಎಡಮಗ್ಗುಲು ತಡವಿದಳು, ಬಲಮಗ್ಗುಲು ತಡವಿದಳು.

“ಲೇ, ಅದು ನಂದು ಕಣ್ಲಾ.”

ಔಟ್‌ಪೋಸ್ಟಿನ ಹೆಡ್ ಕಾನ್‌ಸ್ಟೇಬಲ್ ಮಂಚಯ್ಯ ಎಲ್ಲವನ್ನೂ ಕೇಳಿ, ಮೆಚ್ಚುಗೆಯಿಂದಲೇ ಶಾಂತರಾಜುವನ್ನು ನೋಡಿದರು. “ಬಂಗಾರ ಕಳ್ದೋಯ್ತು ಅಂತ ಸುಳ್ಳೇಳಿ ಬಸ್ಸಿಗ್ ಬಸ್ಸನ್ನೇ ಬಗ್ಗಿಸೋದು, ಯಾರ್ದಾದ್ರೂ ಉದುರಿದ್ರೆ ಜೇಬಿಗೆ ಬಿಡೋದು. ಇಷ್ಟ್ ವರ್ಸ ಸರ್ವೀಸ್ನಲ್ಲಿ ಈ ಐಡಿಯಾ ಕಂಡಿರ್ಲಿಲ್ಲ ಕಣಯ್ಯ.”

“ಸಾ, ನಾನು ಕಳ್ಕೊಂಡಿದ್ದು ಮೂಗುಬೊಟ್ಟಲ್ಲ. ಉಣ್ಣೆ.”

“ಏನು?”

“ಉಣ್ಣೆಹುಳ ಸಾ. ಮಂಗನ ಕಾಯಿಲೆ ಟೆಸ್ಟಿಗೆ.” ಸಾಕ್ಷಿಗೆಂದು ಸೀಸೆಯನ್ನು ಮೇಜಿನ ಮೇಲಿಟ್ಟ. ಒಂಬತ್ತು ಉಣ್ಣೆಗಳು ಕಾನೂನಿನ ಕಡೆಗೆ ಕೈಕಾಲು ಆಡಿಸಿದವು. ಮಂಚಯ್ಯನವರ ಕುರ್ಚಿ ಅವರ ಸಮೇತ ಗೋಡೆಯವರೆಗೆ ಸರಿಯಿತು.

ಸುದ್ದಿ ಹೊರಗೆ ತಲುಪಿದಾಗ ಬಸ್ಸು ಖಾಲಿಯಾಗಲು ಎರಡು ಬಾಗಿಲು ಸಾಲಲಿಲ್ಲ, ಕಿಟಕಿಗಳೂ ಕೆಲಸಕ್ಕೆ ಬಂದವು. ಚಂದ್ರಮೌಳಿ ಹೆದ್ದಾರಿಯ ಬದಿಯಲ್ಲೇ ಅಂಗಿ ಬಿಚ್ಚಿ ಕೊಡವಿದರು. ಕಿವಿ ಹಿಂದೆ, ಕಂಕುಳು, ಸೊಂಟದ ಸುತ್ತ ಎಂಬ ಉಪದೇಶವನ್ನು ಜನ ಚಾಚೂ ತಪ್ಪದೆ ಪಾಲಿಸಿದರು. ಊರೂರಲ್ಲಿ ಭಾಷಣ ಮಾಡಿದ್ದ ಶಾಂತರಾಜುವಿಗೆ ಇಷ್ಟು ಶ್ರದ್ಧೆಯ ಕೇಳುಗರು ಎಂದೂ ಸಿಕ್ಕಿರಲಿಲ್ಲ.

ಹೊನ್ನಕ್ಕ ಮಾತ್ರ ಒಳಗೇ ಬಂದಳು. “ಮನೆಹಾಳ, ಒಂದ್ ಉಣ್ಣೆಗೆ ನನ್ ಮಂಡಿ ಊರಿಸಿದ್ಯಲ್ಲೋ” ಎಂದು ಅವನ ಕಾಲರಿಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ನಾಲ್ಕು ಎಮ್ಮೆ ಸಾಕಿದ ಕಣ್ಣು. “ಇಲ್ಲೈತೆ ನೋಡ್ಲಾ ನಿನ್ ಹೆಂಡ್ತಿ ಮೂಗುಬೊಟ್ಟು.”

ಅವನ ಕತ್ತಿನ ಹಿಂದೆ ಉಣ್ಣೆಯೊಂದು ಕಚ್ಚಿಕೊಂಡು, ಮಾವನ ಮನೆಯಲ್ಲಿ ಉಂಡ ಅಳಿಯನಂತೆ ನೆಮ್ಮದಿಯಾಗಿ ಕೂತಿತ್ತು. ಕಾಯಿಲೆಯ ಭಯ ಶಾಂತರಾಜುವಿಗೆ ಆಮೇಲೆ ನೆನಪಾಯಿತು. ಮೊದಲು ಬಂದದ್ದು ಆನಂದ.

“ಅವ್ವ, ಕೈಲಿ ಎಳೀಬೇಡ. ತಗೋ ಚಿಮಟ. ಬುಡಕ್ಕೆ ಹಿಡಿದು ನೆಟ್ಟಗೆ ಎತ್ತು. ಜೀವ ಹೋಗ್ಬಾರ್ದು.”

“ನಿಂದಾ, ಅದ್ರದಾ?” ಎಂದು ಕೇಳಿ ಹೊನ್ನಕ್ಕ ಎತ್ತಿದಳು. ಉಣ್ಣೆ ಸೀಸೆ ಸೇರಿತು. ಮೂಗುಬೊಟ್ಟು ಮೂಗು ಸೇರಿತು.

“ಕೇಸೂ ಬ್ಯಾಡ ಏನೂ ಬ್ಯಾಡ. ಆ ಸೀಸೆನ ಮೊದ್ಲು ಆಚೆ ತಗೊಂಡೋಗು” ಎಂದರು ಮಂಚಯ್ಯ, ಗೋಡೆಯ ಹತ್ತಿರದಿಂದಲೇ.

ಚನ್ನಪ್ಪ ಅವನನ್ನು ಮತ್ತೆ ಬಸ್ಸಿಗೆ ಹತ್ತಿಸಲಿಲ್ಲ. ಎಳನೀರು ತುಂಬಿದ ಗೂಡ್ಸ್ ಆಟೋದ ಹಿಂದೆ ಗೊನೆಗಳ ನಡುವೆ ಕೂತು ಶಾಂತರಾಜು ಹಾಸನ ಸೇರಿದಾಗ ಗಂಗಾಂಬಿಕೆ ಮೇಡಂ ಇನ್ನೂ ಕಚೇರಿಯಲ್ಲಿದ್ದರು. ಟೇಬಲ್ ಮೇಲೆ ಫೈಲೂ ಇತ್ತು.

ಮೇಡಂ ಗ್ಲೌಸು ತೊಟ್ಟು, ಹತ್ತಿಯನ್ನು ಎಳೆದು ಬಿಡಿಸಿ, ಒಂದೊಂದಾಗಿ ಎಣಿಸಿದರು. “ನಾನು ಹತ್ತು ಹೇಳಿದ್ದೆ. ಹನ್ನೊಂದು ತಂದಿದ್ದೀರಿ.”

“ಹನ್ನೊಂದಾ ಮೇಡಂ?”

“ಒಂದು ಹತ್ತಿಯ ಮಡಿಕೆಯೊಳಗೆ ಸೇರಿಕೊಂಡಿತ್ತು ನೋಡಿ.”

ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರು. ಇಡೀ ದಿನ ಬೈಸಿಕೊಂಡಿದ್ದ ಶಾಂತರಾಜುವಿಗೆ ಅದು ಶಹಬ್ಬಾಸ್‌ಗಿರಿಯಂತೆ ಕೇಳಿಸಿತು. “ಒಂದು ಹೆಚ್ಚಿಗೇನೇ ಇರ್ಲಿ ಮೇಡಂ” ಎಂದ.

ಮೇಡಂ ಒಂದನ್ನು ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದರು. ಉಳಿದ ಹತ್ತೂ ಎಳ್ಳಿನಂತೆ ಚಪ್ಪಟೆಯಾಗಿದ್ದವು. ಇದೊಂದು ಹೊಟ್ಟೆ ಉಬ್ಬಿಸಿಕೊಂಡಿತ್ತು. “ಇದು ಬೆಳಗಿನಿಂದ ರಕ್ತ ಕುಡಿದಿದೆ. ಯಾರದ್ದು?”

ಶಾಂತರಾಜುವಿನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು.

“ಎಣ್ಣೆ ಹಚ್ಚಿಕೊಂಡಿದ್ರಾ?” ಎಂದು ಮೇಡಂ ಕೇಳಿದರು.

ಅವನನ್ನು ನಿಗಾದಲ್ಲಿಟ್ಟರು. ಜ್ವರ ಬರಲಿಲ್ಲ. ಹನ್ನೊಂದರಲ್ಲಿ ಯಾವ ಉಣ್ಣೆಯಲ್ಲೂ ಸೋಂಕು ಸಿಗಲಿಲ್ಲ. ಗುತ್ತಿಗೆ ನವೀಕರಣವಾಗಲಿಲ್ಲ.