ಆದೆಪ್ಪನ ಎರಡು ತೂಕ

ಮಸ್ಕಿಯ ಗುಡ್ಡದ ಮೇಲಿನ ಮಲ್ಲಯ್ಯನಿಗೆ ಆದೆಪ್ಪ ಹುಟ್ಟಿದಾಗಿನಿಂದ ಕೆಳಗೆ ನಿಂತೇ ಕೈ ಮುಗಿಯುತ್ತ ಬಂದವನು. ಮದುವೆಯಾದ ಹೊಸತರಲ್ಲಿ ಹೆಂಡತಿ ಕಲ್ಯಾಣಮ್ಮನ ಮಾತಿಗೆ ಕಟ್ಟುಬಿದ್ದು ಒಮ್ಮೆ ಅರ್ಧ ಗುಡ್ಡ ಹತ್ತಿದ್ದುಂಟು. ಹತ್ತಿದವನು ತಿರುಗಿ ಕೆಳಗೆ ನೋಡಿದ, ಅಲ್ಲೇ ಕುಳಿತುಬಿಟ್ಟ. ಕುರಿ ಕಾಯುವ ನಾಲ್ಕು ಜನ ಅವನನ್ನು ಕಂಬಳಿಯಲ್ಲಿ ಹೊತ್ತು ಇಳಿಸಬೇಕಾಯಿತು. ಇಂಥ ಮನುಷ್ಯನ ಹೆಸರಿಗೆ ಹೈದರಾಬಾದಿನಿಂದ ದಿಲ್ಲಿಗೆ ಹೋಗುವ ವಿಮಾನದ ಟಿಕೀಟು ಬಂತು.

ತರಿಸಿದವರು ಅವನ ಧಣಿ, ಹತ್ತಿ ವ್ಯಾಪಾರದ ಹಂಪಣ್ಣ ಸಾಹುಕಾರರು. ಮಸ್ಕಿ ಸೀಮೆಗೆ ಸರಕಾರ ಒಂದೇ ಒಂದು ಹತ್ತಿಯ ಬೀಜ ಬಿಡಿಸುವ ಯಂತ್ರಕ್ಕೆ ಪರವಾನಗಿ ಕೊಡುವುದಿತ್ತು. ಅರ್ಜಿ ಶುಕ್ರವಾರದೊಳಗೆ ದಿಲ್ಲಿಯ ಕಚೇರಿ ಮುಟ್ಟಬೇಕು. ಅಂಚೆಯನ್ನು ನಂಬುವಂತಿಲ್ಲ, ರೈಲಿಗೆ ಹೊತ್ತು ಸಾಲದು. 'ನಾನೇ ವಿಮಾನದಾಗ ಹೊಂಟೀನಿ' ಎಂದು ಸಾಹುಕಾರರು ಸಿಂಧನೂರಿನವರೆಗೂ ಡಂಗುರ ಹೊಡೆದಿದ್ದರು. ಆದರೆ ಟಿಕೀಟು ಬಂದಾಗ ಅದರ ಮೇಲೆ ಗುಮಾಸ್ತ ಆದೆಪ್ಪನ ಹೆಸರಿತ್ತು. ಸಾಹುಕಾರರಿಗೆ ಅದೇ ವಾರ ಮಂಡಿನೋವು ಶುರುವಾಗಿತ್ತು.

ಮಂಗಳವಾರ ಬೆಳಿಗ್ಗೆ ಆದೆಪ್ಪ ಅಂಬಲಿಯನ್ನೂ ಮುಟ್ಟಲಿಲ್ಲ. ನಾಲ್ಕು ಗಂಟೆಗೆ ಬಸ್ಸು, ಆಮೇಲೆ ರಾಯಚೂರಿನಿಂದ ರೈಲು, ಗುರುವಾರ ಬೆಳಗಾದರೆ ಆಕಾಶ.

"ಅಲ್ರೀ, ವಿಮಾನ ಹತ್ತುವಾಗ ಮೈಮೇಲಿಂದು ಎಲ್ಲಾ ತಗೀರಿ ಅಂತಾರಂತ. ಕೊರಳಾಗಿನ ಲಿಂಗಾನೂ ತಗೀರಿ ಅಂದ್ರ?" ಎಂದಳು ಕಲ್ಯಾಣಮ್ಮ, ರೊಟ್ಟಿಯ ಗಂಟು ಕಟ್ಟುತ್ತ.

"ಅಂದ್ರ ನಾ ಹೋಗಂಗಿಲ್ಲ!" ಎಂದ ಆದೆಪ್ಪ. ಬೆಳಗಿನಿಂದ ಅವನ ಮುಖಕ್ಕೆ ಕಳೆ ಬಂದದ್ದು ಅದೇ ಮೊದಲು.

"ಹಂಗೇನಿಲ್ಲಂತ, ಉರ್ದು ಶಾಲಿ ಮಾಸ್ತರ್ನ ಕೇಳೀನಿ," ಎಂದಳು ಆಕೆ. ಕಳೆ ಹೋಯಿತು.

ಅಂಗಡಿಗೆ ಬಂದರೆ ಅಲ್ಲಿ ಆಗಲೇ ಜಾತ್ರೆಯ ಗದ್ದಲ. ಹತ್ತಿಯ ಅಂಡಿಗೆ ಚೀಲಗಳನ್ನು ಹೇರಿಕೊಂಡು ಬಂದಿದ್ದ ರೈತರು ಅಂಗಳದ ತುಂಬ ಕುಳಿತಿದ್ದರು. ವಿಮಾನವನ್ನು ಹತ್ತಿರದಿಂದ ನೋಡದಿದ್ದರೂ ಅದರ ವಿಷಯದಲ್ಲಿ ಎಲ್ಲರಿಗೂ ತಿಳಿವಳಿಕೆ ಇತ್ತು. ಇದ್ದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ತೊಟ್ಟುಕೊಂಡರೆ ಸಾಮಾನಿನ ಬಾಡಿಗೆ ಉಳಿಯುತ್ತದೆ ಎಂದ ಒಬ್ಬ. ವಿಮಾನ ತಡವಾದರೆ ಕಂಪನಿಯವರೇ ಊಟ ಹಾಕುತ್ತಾರೆ, ಆದರೆ ಯಾವ ಅಡಿಗೆಯೋ ಏನೋ, ರೊಟ್ಟಿ ಹೆಚ್ಚಿಗೆ ಇರಲಿ ಎಂದ ಇನ್ನೊಬ್ಬ. ತೂಕದ ಹಮಾಲ ಮಾನಪ್ಪ ಮಾತ್ರ ಎರಡು ಹಿಡಿ ಹತ್ತಿ ತಂದು ಆದೆಪ್ಪನ ಜೇಬಿಗೆ ತುರುಕಿದ. "ಕಿವಿಗೆ," ಎಂದ. ಅವನ ಕಣ್ಣಲ್ಲಿ ನೀರಿತ್ತು.

ಗೋಡೆಗೆ ಒರಗಿ ಸಂತೆಕಲ್ಲೂರಿನ ಬಸವಣ್ಣೆಮ್ಮ ಕುಳಿತಿದ್ದಳು. ಗಂಡ ಸತ್ತ ಮೇಲೆ ಹದಿನೆಂಟು ಎಕರೆ ಎರೆಹೊಲವನ್ನು ಒಬ್ಬಳೇ ಮಾಡಿಸುವ ಹೆಣ್ಣುಮಗಳು. ಅವಳ ಚೀಲದಲ್ಲೂ ಒಂದು ಅರ್ಜಿ ಇತ್ತು.

"ಸಾವ್ಕಾರ್ರ, ನಮ್ಮ ರೈತರ ಸಂಘದ್ದೂ ಅದs ಮಶೀನಿಗೆ ಒಂದು ಅರ್ಜಿ ಐತ್ರಿ. ಹೆಂಗೂ ನಿಮ್ಮ ಗುಮಾಸ್ತ ಹೊಂಟಾನ, ಜೋಡಿ ಒಯ್ಯಲಿ," ಎಂದಳು.

ಹಂಪಣ್ಣ ಹೊಟ್ಟೆ ಕುಣಿಯುವಂತೆ ನಕ್ಕರು. "ನನ್ನ ಟಿಕೀಟಿನ ಮ್ಯಾಲ ನಿನ್ನ ಅರ್ಜೀನ? ದಿಲ್ಲಿ ಏನು ನಿಮ್ಮೂರ ಸಂತಿ ಅಂತ ತಿಳದೇನವ್ವ?"

ಬಸವಣ್ಣೆಮ್ಮ ಅರ್ಜಿಯನ್ನು ಮಡಿಚಿ ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಅಷ್ಟರಲ್ಲಿ ಉರ್ದು ಶಾಲೆಯ ಲಾಲ್‌ಸಾಬ್ ಮಾಸ್ತರರು ಬಂದರು. ಟಿಕೀಟಿನ ಜೊತೆಗೆ ಬಂದ ಇಂಗ್ಲಿಷ್ ಕಾಗದವನ್ನು ಓದಿ ಹೇಳಲು ಊರಿನಲ್ಲಿ ಅವರೊಬ್ಬರೇ ದಿಕ್ಕು. ಕನ್ನಡಕ ಏರಿಸಿ ಶುರುಮಾಡಿದರು.

"ಎರಡು ತಾಸು ಮೊದಲ ಹಾಜರಿರಬೇಕಂತ. ಮಳಿ ಗಾಳಿಗೆ ತಡ ಆದ್ರ ಕಂಪನಿ ಜಿಮ್ಮೇದಾರಿ ಇಲ್ಲಂತ. ಟಿಕೀಟು ವಾಪಸ್ ಮಾಡಿದ್ರ ಅರ್ಧ ರೊಕ್ಕ ಮುರಕೊಳ್ತಾರಂತ."

"ಅರ್ಧ!" ಎಂದರು ಹಂಪಣ್ಣ, ಮಂಡಿನೋವು ಮರೆತು ಎದ್ದು ನಿಂತು. "ಆದೆಪ್ಪ, ನೀ ಹೋಗಾಕs ಬೇಕು."

"ಮಾಸ್ತರ್ರ," ಆದೆಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು, "ಮ್ಯಾಲ ಹೋದ ಮ್ಯಾಲ ಅಂಜಿಕಿ ಆದ್ರ ಏನು ಮಾಡಬೇಕು ಅಂತ ಬರದಾರೇನ್ರಿ?"

"ಅದು ಬರದಿಲ್ಲ. ಆದ್ರ ನಮ್ಮ ಸಡ್ಡಕ ಒಮ್ಮೆ ಮದ್ರಾಸಿಗೆ ಹೋಗಿದ್ದ. ಕಣ್ಣು ಮುಚ್ಚಿ ಬಾಜೂ ಸೀಟಿನವರ ಕೈ ಗಟ್ಟಿ ಹಿಡಕೊಂಡಿದ್ನಂತ. ಇಳಿಯೂ ತನಕ ಬಿಟ್ಟಿಲ್ಲ. ಏನೂ ಆಗಲಿಲ್ಲ. ನೀವೂ ಹಂಗs ಮಾಡ್ರಿ."

ಬೆಳಗಿನಿಂದ ಕೇಳಿದ ಬುದ್ಧಿಮಾತುಗಳಲ್ಲಿ ಆದೆಪ್ಪನ ಎದೆಗೆ ತಾಗಿದ್ದು ಇದೊಂದೇ. ಯಾರೋ ಒಬ್ಬ ಮನುಷ್ಯ ಪಕ್ಕದಲ್ಲಿರುತ್ತಾನೆ, ಅವನಿಗೂ ಕೈ ಇರುತ್ತದೆ. ಅದನ್ನೇ ನೆನೆಯುತ್ತ ನಿಂತ.

"ಇನ್ನೊಂದು ಕಾಯ್ದೆ ಐತಿ," ಎಂದರು ಮಾಸ್ತರರು. "ವಿಮಾನ ಸಣ್ಣದು, ಸಾಮಾನಿನಂಗ ಮನಷ್ಯಾರ್ನೂ ತೂಗ್ತಾರ. ನಮ್ಮ ಲೆಕ್ಕದಾಗ ಎರಡೂವರಿ ಮಣಕ್ಕಿಂತ ಹೆಚ್ಚು ತೂಗಾವ್ರನ್ನ ಒಂದು ಸೀಟಿನ ಮ್ಯಾಲ ಹತ್ತಿಸಿಕೊಳ್ಳಂಗಿಲ್ಲ. ಅಂಥವ್ರು..."

"ಸಾಕ್ರಿ ಮಾಸ್ತರ್ರ, ಸಾಕು!" ಆದೆಪ್ಪ ಕಾಗದವನ್ನು ಕಿತ್ತುಕೊಂಡು ಕಣ್ಣಿಗೊತ್ತಿಕೊಂಡ. "ಹತ್ತಿಸಿಕೊಳ್ಳಂಗಿಲ್ಲ ಅಂದ ಮ್ಯಾಲ ಮುಗೀತಲ್ರಿ! ನಾ ಮೂರು ಮಣ ಅದೀನಿ!"

ಆದೆಪ್ಪನ ಮೈಯನ್ನು ಕಂಡವರು ಯಾರೂ ಈ ಮಾತಿಗೆ ಎದುರಾಡುವಂತಿರಲಿಲ್ಲ. ರಾಯಚೂರು ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ನಿಂತಾಗ ಅದು ಎರಡು ಮಣ ಇಪ್ಪತ್ತೇಳು ಸೇರಿಗೆ ಸಮನಾದ ಚೀಟಿ ಕೊಟ್ಟಿತ್ತು. ಆದರೆ ಹಂಪಣ್ಣ ಅಷ್ಟಕ್ಕೆ ಬಿಡುವ ಕುಳವಲ್ಲ.

"ಬಾಯಿಲೆ ತೂಗಬ್ಯಾಡ. ಕಾಟಾ ಇಲ್ಲೇ ಐತಿ. ಮಾನಪ್ಪ, ಇವನ್ನ ಹತ್ತಿಸು."

ಆಗ ಆದೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಯಾಕೆಂದರೆ ಆ ಅಂಗಡಿಯಲ್ಲಿ ತೂಕದ ಕಲ್ಲುಗಳು ಎರಡು ಜೊತೆ. ರೈತರ ಹತ್ತಿ ಕೊಳ್ಳುವಾಗ ಬಳಸುವ ಕಲ್ಲುಗಳ ಹೊಟ್ಟೆಯಲ್ಲಿ ಸೀಸ ತುಂಬಿತ್ತು. ಎಷ್ಟು ಹತ್ತಿ ಹಾಕಿದರೂ ತೂಕ ಕಡಿಮೆ ತೋರುತ್ತಿತ್ತು. ಅದೇ ರೈತರಿಗೆ ಹಿಂಡಿ ಮಾರುವಾಗ ಬಳಸುವ ಕಲ್ಲುಗಳು ಒಳಗೆ ಕೊರೆದವು, ಹಗುರ. ಎರಡರ ಮೇಲೂ ಒಂದೇ ಅಂಕಿ, ಒಂದೇ ಬಣ್ಣ. ಗುಟ್ಟು ಗೊತ್ತಿದ್ದದ್ದು ಸಾಹುಕಾರರಿಗೆ ಮತ್ತು ಆದೆಪ್ಪನಿಗೆ. ಇವತ್ತು ಹತ್ತಿ ಕೊಳ್ಳುವ ದಿನ. ಕಾಟಾದ ಬಳಿ ಸಾಲಾಗಿ ಕುಳಿತಿದ್ದವು ಕೊಳ್ಳುವ ಕಲ್ಲುಗಳು.

"ಮಾನಪ್ಪ, ಒಳಗಿನ ಕಲ್ಲು ತಾರೋ," ಎಂದ ಆದೆಪ್ಪ ಮೆಲ್ಲಗೆ.

"ಯಾಕ? ಇವಕ್ಕೇನಾಗೇತಿ?" ಎಂದರು ಹಂಪಣ್ಣ, ಕಣ್ಣು ಕೆಂಪಗೆ ಮಾಡಿ.

ಆದೆಪ್ಪ ತಕ್ಕಡಿಯ ತಟ್ಟೆಯಲ್ಲಿ ಕುಳಿತ. ಕಾಟಾ ಅವನನ್ನು ನೆಲದಿಂದ ಒಂದು ಗೇಣು ಎತ್ತಿತು. ಅಷ್ಟಕ್ಕೇ ಅವನು ಸರಪಳಿ ಹಿಡಿದು ಕಣ್ಣು ಮುಚ್ಚಿ ಮಲ್ಲಯ್ಯನನ್ನು ಕೂಗಿದ. ಮಾನಪ್ಪ ಕಲ್ಲು ಏರಿಸಿ ಹೇಳಿದ: "ಎರಡು ಮಣ ಹದಿನೆಂಟು ಸೇರು."

"ಹತ್ತಬಹುದು!" ಎಂದಿತು ಅಂಗಳ, ಒಂದೇ ದನಿಯಲ್ಲಿ.

ಮಣಕ್ಕೆ ನಲವತ್ತು ಸೇರಿನ ಲೆಕ್ಕದಲ್ಲಿ ಎರಡೇ ಸೇರು ಕಡಿಮೆ. ಆದೆಪ್ಪ ಮನೆಗೆ ಓಡಿದ. ದಾರಿಗೆಂದು ಕಟ್ಟಿದ್ದ ರೊಟ್ಟಿಯ ಗಂಟು ಬಿಚ್ಚಿ ಆರು ರೊಟ್ಟಿ ತಿಂದ, ಒಂದು ಚರಿಗೆ ಮಜ್ಜಿಗೆ ಕುಡಿದ, ಹೊಟ್ಟೆ ಬಿರಿಯುವಷ್ಟು ನೀರು ಕುಡಿದ. ಕಲ್ಯಾಣಮ್ಮ ಹಣೆ ಮುಟ್ಟಿ ನೋಡಿದಳು. ತಿರುಗಿ ಬಂದು ತೂಗಿಸಿಕೊಂಡರೆ, ಇನ್ನೂ ಅರ್ಧ ಸೇರು ಕಡಿಮೆ. ನೀರು ಕುಡಿದು ಬರುತ್ತೇನೆಂದು ಅಂಗಡಿಯ ಒಳಗೆ ಹೋದ. ಮೂರನೆಯ ಸಲ ಕುಳಿತಾಗ ತಟ್ಟೆ ಧಡಾರನೆ ಕೆಳಗಿಳಿಯಿತು.

"ಕೋಟಿನ ಜೇಬು ಯಾಕ ಜೋತಾಡಾಕತ್ತೈತಿ?" ಎಂದರು ಹಂಪಣ್ಣ. ಕೈ ಹಾಕಿ ತೆಗೆದರೆ ಎರಡು ಸೇರಿನ ಕಲ್ಲು, ಒಳಗಿಟ್ಟಿದ್ದ ಮಾರುವ ಕಲ್ಲು. ಅದನ್ನು ಅವಸರದಲ್ಲಿ ಕಾಟಾದ ಬಳಿಯ ಕಲ್ಲುಗಳ ಪಕ್ಕದಲ್ಲಿಟ್ಟು ಗುಡುಗಿದರು: "ಬಸ್ಸು ಬರೂ ಹೊತ್ತಾತು. ಇವನ್ನ ಹೊತಗೊಂಡು ಹೋಗಿ ಕುಂದರಿಸ್ರಿ!"

ಆಗಲೇ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಇಬ್ಬರು ಹಮಾಲರು ಆದೆಪ್ಪನ ರಟ್ಟೆ ಹಿಡಿದರು. ಕಾಲು ನೆಲ ಬಿಟ್ಟವು. ಅರ್ಧ ಗುಡ್ಡ, ಕಂಬಳಿ, ಕೆಳಗಿನ ಬಂಡೆಗಳು ಎಲ್ಲ ಒಮ್ಮೆಲೆ ಕಣ್ಣ ಮುಂದೆ ಬಂದವು. ಹನ್ನೊಂದು ವರ್ಷದ ಅನ್ನದ ಋಣವನ್ನು ಆ ಹಾರನ್ ಒಂದು ಕ್ಷಣದಲ್ಲಿ ಹರಿದುಹಾಕಿತು.

"ಇವು ಕೊಳ್ಳೂ ಕಲ್ಲ್ರೋ!" ಆದೆಪ್ಪ ಚೀರಿದ. "ಸೀಸ ತುಂಬ್ಯಾರ! ಮಾರೂ ಕಲ್ಲಿಲೆ ತೂಗ್ರಿ, ನಾ ಹೆಚ್ಚಿಗಿ ಅದೀನಿ!"

ಬಸವಣ್ಣೆಮ್ಮ ಎದ್ದು ಬಂದಳು. ಜೇಬಿನಿಂದ ಸಿಕ್ಕಿದ ಎರಡು ಸೇರಿನ ಕಲ್ಲನ್ನು ಒಂದು ಕೈಯಲ್ಲಿ, ಕಾಟಾದ ಎರಡು ಸೇರಿನ ಕಲ್ಲನ್ನು ಇನ್ನೊಂದು ಕೈಯಲ್ಲಿ ಎತ್ತಿದಳು. ಕಾಟಾದ ಕಲ್ಲಿದ್ದ ಕೈ ಕೆಳಗೆ ಹೋಯಿತು.

"ಎಷ್ಟು ವರ್ಷದಿಂದಪ್ಪ ಇದು?"

"ನಾ ಬಂದು ಹನ್ನೊಂದು ವರ್ಷ ಆತವ್ವ," ಎಂದ ಆದೆಪ್ಪ ತಲೆ ತಗ್ಗಿಸಿ. ಈ ಸಲ ಅವನು ಅಂಜಿದ್ದು ಆಕಾಶಕ್ಕಲ್ಲ.

"ಅಂಜಿಕಿಗೆ ಬುದ್ಧಿ ಕೆಟ್ಟೈತಿ ಇವಂದು!" ಎಂದರು ಹಂಪಣ್ಣ.

"ಕೆಟ್ಟೈತೋ ಇಲ್ಲೋ, ಒಳಗಿನ ಕಲ್ಲು ಎಲ್ಲಾ ತರಸ್ರಿ ನೋಡೂಣು," ಎಂದಳು ಬಸವಣ್ಣೆಮ್ಮ.

ಮಾನಪ್ಪ ಒಳಗಿನ ಕಲ್ಲುಗಳನ್ನು ತಂದ. ಖಾಲಿ ಜೇಬಿನಲ್ಲಿ ಆದೆಪ್ಪ ನಾಲ್ಕನೆಯ ಸಲ ತಟ್ಟೆ ಹತ್ತಿದ. ಮಾನಪ್ಪ ಎರಡು ಸಲ ಎಣಿಸಿ, ನಂಬಲಾರದೆ ಹೇಳಿದ: "ಎರಡು ಮಣ ಮೂವತ್ತಮೂರು!" ಅದೇ ಮನುಷ್ಯ, ಅದೇ ಹೊಟ್ಟೆ, ಹದಿಮೂರು ಸೇರಿನ ಮೇಲೆ ವ್ಯತ್ಯಾಸ. ರೈತರು ಹನ್ನೊಂದು ವರ್ಷದ ಹತ್ತಿಯನ್ನೂ ಹಿಂಡಿಯನ್ನೂ ನೆನೆಸಿಕೊಂಡು ಕೋಲು ಹಿಡಿದರು. ಆದೆಪ್ಪನಿಗೆ ಅದೊಂದೂ ಕಾಣಲಿಲ್ಲ. "ಹೆಚ್ಚಾತು! ಹೆಚ್ಚಾತು!" ಎಂದು ತಟ್ಟೆಯಲ್ಲೇ ಕುಳಿತು ಆನಂದಬಾಷ್ಪ ಸುರಿಸಿದ.

"ನಾಳೆಯಿಂದ ನನ್ನ ಅಂಗಡಿ ಮೆಟ್ಟಲ ಹತ್ತಬ್ಯಾಡ!" ಎಂದರು ಹಂಪಣ್ಣ.

"ಆಗಲ್ರೀ ಧಣಿ, ನೆಲದ ಮ್ಯಾಲs ಇರ್ತೀನಿ," ಎಂದ ಆದೆಪ್ಪ. ನೌಕರಿ ಹೋಯಿತು, ಜೀವ ಉಳಿಯಿತು. ಮನೆಯ ಕಡೆ ಹೊರಟ.

"ನಿಲ್ಲಪಾ ಆದೆಪ್ಪ," ಎಂದಳು ಬಸವಣ್ಣೆಮ್ಮ. ಕೋಲು ಹಿಡಿದವರನ್ನು ಅವಳು ಹಿಂದಕ್ಕೆ ಸರಿಸಿದ್ದಳು. "ಸಾವ್ಕಾರ್ರ, ಕಲ್ಲು ಎರಡೂ ಜೋಡಿ ತಗೊಂಡು ತಹಶೀಲ್ದಾರರ ಕಡೆ ಹೋಗೂಣೋ, ಇಲ್ಲಾ ಮಶೀನಿನ ಆಸೆ ಬಿಟ್ಟು ಆ ಟಿಕೀಟು ನಮ್ಮ ಸಂಘಕ್ಕ ಕೊಡ್ತೀರೋ? ತೂಕದ ಮಾತು ಆಮ್ಯಾಲ ಕುಂತು ಬಗಿಹರಸೂಣು."

ಹಂಪಣ್ಣ ಸುತ್ತಲಿನ ಕೋಲುಗಳನ್ನು ನೋಡಿದರು. ಟಿಕೀಟು ಅವಳ ಕೈಗೆ ಬಂತು.

"ಟಿಕೀಟಿನ ಮ್ಯಾಲ ಆದೆಪ್ಪನ ಹೆಸರೈತಿ," ಎಂದಳು ಆಕೆ. "ಇಷ್ಟು ವರ್ಷ ಆ ಕಲ್ಲಿಲೆ ತೂಗಿದ ಲೆಕ್ಕ ಬರದವ ನೀನs. ನಮ್ಮ ಅರ್ಜಿ ದಿಲ್ಲಿ ಮುಟ್ಟಿಸಿ ಬಾ, ಆ ತಪ್ಪು ನಾವು ನುಂಗಿಕೊಳ್ತೀವಿ. ಬಂದ ಮ್ಯಾಲ ಸಂಘದ ಗುಮಾಸ್ತಿಕಿನೂ ನಿನಗs."

ಆದೆಪ್ಪ ಕೈ ಜೋಡಿಸಿದ. "ಅವ್ವ, ಕಾಯ್ದೆ ಐತಿ. ನಾ ಎರಡೂವರಿ ಮಣದ ಮ್ಯಾಲ ಅದೀನಿ. ನೀನs ತೂಗಿಸಿದೆಲ್ಲ!"

"ಆ ಕಾಯ್ದೆ ನೀವು ನನಗ ಪೂರಾ ಓದಗೊಡಲಿಲ್ಲ," ಎಂದರು ಲಾಲ್‌ಸಾಬ್ ಮಾಸ್ತರರು. ಅವನ ಕೈಯಿಂದ ಕಾಗದ ತೆಗೆದುಕೊಂಡು ಕನ್ನಡಕ ಏರಿಸಿದರು. "'ಅಂಥವ್ರು ಹತ್ತೂ ಹೊತ್ತಿಗೆ ಬಾಜೂ ಸೀಟಿನ ರೊಕ್ಕಾನೂ ಕಟ್ಟಿ ಎರಡು ಸೀಟು ತಗೊಂಡು ಬೇಷಕ್ ಬರಬಹುದು' ಅಂತ ಐತಿ."

"ಅಷ್ಟs ಏನು? ಎಲ್ಲಾರೂ ಸೇರಿ ಕಟ್ಟೂಣು!" ಎಂದರು ರೈತರು. ಟವೆಲು ಹಾಸಿದರು, ಮಾನಪ್ಪನೂ ತನ್ನ ಕೂಲಿ ಹಾಕಿದ. ಆದೆಪ್ಪನ ಕಿವಿಗೆ ಅವನೇ ಹತ್ತಿ ಇಟ್ಟ. ಕಲ್ಯಾಣಮ್ಮ ಹೊಸದಾಗಿ ಬಡಿದ ರೊಟ್ಟಿಯ ಗಂಟು ಮಡಿಲಿಗೆ ಹಾಕಿದಳು. ನಾಲ್ಕು ಜನ ಅವನನ್ನು ಹೊತ್ತು, ರೈತರು ತಡೆದು ನಿಲ್ಲಿಸಿದ್ದ ಬಸ್ಸಿನಲ್ಲಿ ಕುಳ್ಳಿರಿಸಿದರು, ಹಿಂದೆ ಕುರಿಯವರು ಹೊತ್ತ ಹಾಗೆಯೇ.

ಬಸ್ಸು ಹೊರಟಿತು. ಎಲ್ಲರೂ ಜಯಕಾರ ಹಾಕಿದರು. ಗುಡ್ಡ ಹಿಂದೆ ಸರಿಯುವಾಗ ಆದೆಪ್ಪ ಮಲ್ಲಯ್ಯನಿಗೆ ಕೈ ಮುಗಿದು, ಗುರುವಾರ ಕಣ್ಣು ಮುಚ್ಚಿ ಯಾರ ಕೈ ಹಿಡಿಯಬೇಕೆಂದು ಲೆಕ್ಕ ಹಾಕತೊಡಗಿದ. ಆಗ ಅವನಿಗೆ ಥಟ್ಟನೆ ಹೊಳೆಯಿತು. ಪಕ್ಕದ ಸೀಟೂ ತನ್ನದೇ.