ನಲವತ್ತೇಳನೆಯ ತೂತು

ನನಗೆ ಸುಮ್ಮನೆ ಕೂತಿರು ಅನ್ನುವವರು ಮೊದಲು ನನ್ನ ಕೈಗಳಿಗೆ ಹೇಳಬೇಕು. ಅವು ನನ್ನ ಮಾತನ್ನೂ ಕೇಳುವುದಿಲ್ಲ. ಗದಗಿನ ಕಲಾಯಿಗಾರನ ಮಗಳು ನಾನು, ಸುಗರಾಬಿ. ಎರಡನೇ ಇಯತ್ತೆಗೆ ಶಾಲೆ ಮುಗಿಯಿತು. ಆಮೇಲೆ ತಿದಿ ಒತ್ತಿದ್ದೇ ವಿದ್ಯೆ. ತಗಡಿನಲ್ಲಿ ತೂತು ಕಂಡರೆ ಕೈ ಕಡಿಯುತ್ತದೆ. ಝುವಾರಿನಗರದ ನಮ್ಮ ಓಣಿಯಲ್ಲಿ ನಾನು ಮುಚ್ಚದ ತೂತಿಲ್ಲ. (ಎದುರುಮನೆ ಗೋಮಿಬಾಯಿಯ ಬಾಯಿ ಒಂದನ್ನು ಬಿಟ್ಟು.)

ಎರಡು ಸಾವಿರದ ಎಂಟರಲ್ಲಿ ನನ್ನ ಮಗ ಶಾನವಾಜನ ಗ್ಯಾರೇಜಿಗೆ, ಹಿಂದೆ ರೇಸು ಓಡಿಸುತ್ತಿದ್ದ ಸಾಹುಕಾರ ಕಾಯ್ತಾನಬಾಬರ ಕೆಂಪು ಕಾರು ರಿಪೇರಿಗೆ ಬಂತು. ಪೋರ್ತುಗೀಜರ ಕಾಲದಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದದ್ದು. ರೇಸಿಗೆಂದೇ ಹುಟ್ಟಿದ ಜಾತಿ. ನಿಯಮಕ್ಕೆ ಬೇಕೆಂದು ಕಂಪನಿಯವರು ಕೆಲವನ್ನಷ್ಟೇ ಊರ ರಸ್ತೆಗೂ ಮಾರಿದ್ದರಂತೆ. ಅದಕ್ಕೆ ಬಾಬರ ಮೆಕ್ಯಾನಿಕ್ ಆಗಿದ್ದವರು ನಮ್ಮ ಮನೆಯವರು, ಹುಸೇನಸಾಬರು. ಹಿಂದಿನ ಸೀಟು ಕಿತ್ತು, ಕಿಟಕಿಯ ಗಾಜು ತೆಗೆದು ಪ್ಲಾಸ್ಟಿಕ್ ಹಾಕಿ, ಇನ್ನೊಂದು ಕಾರ್ಬೊರೇಟರ್ ಕೂರಿಸಿ ಅದನ್ನು ಕುದುರೆ ಮಾಡಿದವರು ಅವರೇ. ಇವತ್ತು ಕೂಡಿಸುತ್ತೇನೆ, ನಾಳೆ ಕೂಡಿಸುತ್ತೇನೆ ಅನ್ನುತ್ತ ನನ್ನನ್ನು ಒಮ್ಮೆಯೂ ಅದರಲ್ಲಿ ಕೂಡಿಸದೆಯೇ ತೀರಿಹೋದರು.

ಈಗ ಪಣಜಿಯಲ್ಲಿ ಹಳೇ ಕಾರುಗಳ ಪ್ರದರ್ಶನ. ಹತ್ತು ಗಂಟೆಯೊಳಗೆ ಗಾಡಿ ಅಲ್ಲಿರಬೇಕು, ಒಳಗೆ ಹುಸೇನನ ಹೆಂಡತಿ ಕೂತಿರಬೇಕು ಎಂದು ಬಾಬರು ಹೇಳಿಕಳಿಸಿದರು. ಹೊತ್ತು ತಪ್ಪಿದರೆ ಗಾಡಿಯ ರಿಪೇರಿ ಇನ್ನು ಮುಂದೆ ಮುಂಬಯಿಯ ಕಾರಖಾನೆಗೆ ಎಂದೂ ಸೇರಿಸಿದ್ದರು. ನಾನು ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡು ಹಸಿರು ಸೀರೆ ತೆಗೆದಿಟ್ಟೆ. ಬಸ್‌ಸ್ಟಾಪಿನಲ್ಲಿ ನಿಂತು ನೋಡು ಎಂದು ಗೋಮಿಬಾಯಿಗೆ ಮೂರು ಸಲ ಹೇಳಿಬಂದೆ.

ಪ್ರದರ್ಶನಕ್ಕೆ ಎಂಟು ದಿನ ಇದ್ದಾಗ ಶಾನವಾಜ ಮಡಗಾಂವಿಗೆ ಹೋಗಿದ್ದ. ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಕಾರಿನ ಬಿಡಿಭಾಗಗಳು. ನೋಡುತ್ತೇನೆ, ಪೆಡಲಿನಲ್ಲಿ ತೂತು, ಸೀಟಿನ ಪಟ್ಟಿಯಲ್ಲಿ ತೂತು, ಬಾಗಿಲ ಚೌಕಟ್ಟಿನಲ್ಲಿ ರೂಪಾಯಿಯಗಲದ ತೂತುಗಳ ಸಾಲು! ಇಂಥ ಜರಡಿಯಲ್ಲಿ ಕೂತು ನಾನು ಪಣಜಿಗೆ ಹೋಗುವುದೆ? ತಿದಿ ಹೂಡಿದೆ, ತವರ ಹಿಡಿಯಲೆಂದು ನವಸಾಗರದ ಪುಡಿ ತಿಕ್ಕಿದೆ, ಎಣ್ಣೆಡಬ್ಬಿ ಕತ್ತರಿಸಿ ತೇಪೆ ಹಾಕಿ ತವರ ಎರೆದೆ. ಸಂಜೆಯೊಳಗೆ ನಲವತ್ತಾರು ತೂತು ನಿರ್ನಾಮ. ಪೆಟ್ರೋಲ್ ಟಾಕಿಯ ಹಿತ್ತಾಳೆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಇನ್ನೊಂದಿತ್ತು. ಉಳಿದ ಒಂದು ಹನಿ ತವರ ಅದಕ್ಕೆ ದಾನವಾಯಿತು.

ಶಾನವಾಜ ಬಂದು ನೋಡಿ ಗೋಡೆ ಹಿಡಿದು ಕೂತ.

"ಅಮ್ಮಾ, ಅವು ತುಕ್ಕು ತಿಂದ ತೂತಲ್ಲ. ಗಾಡಿ ಹಗುರ ಆಗಲಿ ಅಂತ ಅಬ್ಬಾ ಒಂದೊಂದ ಕೈಯಾರೆ ಕೊರದಿದ್ದು."

ಅವರು ತಲೆಗೂದಲಲ್ಲಿ ಕಬ್ಬಿಣದ ಪುಡಿ ಹೊತ್ತು ಮನೆಗೆ ಬರುತ್ತಿದ್ದ ಆ ಬೇಸಿಗೆ ನೆನಪಾಯಿತು. ದಿಂಬು ಹೊಲಸಾಗುತ್ತದೆಂದು ನಾನು ಜಗಳವಾಡಿದ್ದೆ. ದಿಂಬಿನ ಹೂವು ಸಹ ಕಣ್ಣಮುಂದಿದೆ. ಅವರ ಕೈಗುರುತನ್ನು ನಾನೇ ತವರದಲ್ಲಿ ಹೂತಿದ್ದೆ.

ಶಾನವಾಜ ನಾಲ್ಕು ದಿನ ಕೂತು ತೇಪೆಗಳನ್ನು ಕರಗಿಸಿ ತೆಗೆದ. ಎಷ್ಟಿದ್ದವು ಅಂತ ಕೇಳಿದ. ನೆನಪಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನೋಡಿ, ಥಟ್ಟನೆ ನಲವತ್ತಾರು ಅಂದೆ.

ಪ್ರದರ್ಶನದ ದಿನ ಹಸಿರು ಸೀರೆಯಲ್ಲಿ ಮಹಾರಾಣಿಯಂತೆ ಆರೂಢಳಾದೆ. ಗೋಮಿಬಾಯಿಯ ಮುಂದೆ ಕೈಬೀಸಿದೆ. ಕೊಟ್ಟಾಳಿ ಊರು ದಾಟುವಷ್ಟರಲ್ಲಿ ಗಾಡಿ ಕೆಮ್ಮಿ ನಿಂತಿತು. ಶಾನವಾಜ ಪ್ಲಗ್ ನೋಡಿದ, ಕಾರ್ಬೊರೇಟರ್ ನೋಡಿದ, ಕೊನೆಗೆ ಪೆಟ್ರೋಲ್ ಇದೆಯೋ ಎಂದು ಮುಚ್ಚಳ ತೆಗೆದ. ಟಾಕಿ ಸುಸ್ಸೆಂದು ಉಸಿರೆಳೆದುಕೊಂಡಿತು. ಗಾಡಿ ಹೊರಟಿತು, ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಆ ಸುಸ್ಸೆಂಬ ಸದ್ದಿಗೇ ನನಗೆ ನಲವತ್ತೇಳನೆಯದು ನೆನಪಾಗಿತ್ತು. ಹೇಳಿದರೆ ಇಳಿಸಿಬಿಟ್ಟಾನು! ಇಷ್ಟು ವರ್ಷ ಕಾದ ಸೀಟು. ಸೆರಗು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತೆ.

ಮೂರನೇ ಸಲ ನಿಂತದ್ದು ಝುವಾರಿ ಸೇತುವೆಯ ನಡುನೆತ್ತಿಯ ಮೇಲೆ. ಹಿಂದೆ ಬಸ್ಸುಗಳ ಮೆರವಣಿಗೆ. ಒಂಬತ್ತೂಕಾಲು. ಬ್ಯಾಟರಿಯೂ ಸತ್ತಿತ್ತು. ಶಾನವಾಜ ಸ್ಟಿಯರಿಂಗ್ ಮೇಲೆ ಹಣೆ ಇಟ್ಟು, "ಅಬ್ಬಾನ ಗಾಡಿ ನನ್ನ ಕೈಯಾಗ ಉಳಿಲಿಲ್ಲಮ್ಮಾ" ಅಂದ.

ಅದನ್ನು ಕೇಳಿ ಕೂರುವುದು ಆಗಲಿಲ್ಲ.

"ಮುಚ್ಚಳದಾಗ ಒಂದು ಸಣ್ಣ ತೂತಿತ್ತು, ಬೇಟಾ."

ಅವನು ತಲೆಯೆತ್ತಿ ಕೈ ಚಾಚಿದ. ಸೀರೆಯ ಪಿನ್ನು ಬಿಚ್ಚಿ ಕೊಟ್ಟೆ. ಟಾಕಿಯೊಳಗೆ ಗಾಳಿ ಹೋಗುವ ದಾರಿ ಅದೊಂದೇ ಆಗಿತ್ತು. ತವರವನ್ನು ಚುಚ್ಚಿ ತೂತು ಮಾಡಿ ಪಿನ್ನು ವಾಪಸು ಕೊಟ್ಟು, "ಈಗ ಇಳದು ನೂಕು" ಅಂದ.

ನೂಕಿದೆ. ನಮ್ಮ ಮನೆಯವರು ಮಾಡಿದ ಕೆಲಸವೇ ಕೆಲಸ; ಎಷ್ಟು ಹಗುರ ಅಂದರೆ ನಾಲ್ಕು ಹೆಜ್ಜೆಗೆ ಇಳಿಜಾರು ಹಿಡಿದು, ಗುರ್ರೆಂದು, ಬಾಣದಂತೆ ಹೋಗಿಬಿಟ್ಟಿತು. ನಿಲ್ಲಿಸಿದರೆ ಮತ್ತೆ ಹೊರಡುತ್ತದೆಂಬ ಭರವಸೆ ಅವನಿಗಿರಲಿಲ್ಲ. ಕಿಟಕಿಯಿಂದ ಕೈ ಹೊರಬಂದು ಹಿಂದಿನ ಬಸ್ಸು ತೋರಿಸಿತು. (ಹತ್ತಕ್ಕೆ ಐದು ನಿಮಿಷವಿದ್ದಾಗ ಮುಟ್ಟಿದನಂತೆ. ಗಾಡಿಯ ಕೆಲಸ ನಮ್ಮಲ್ಲೇ ಉಳಿಯಿತು.)

ಬಸ್ಸು ಹತ್ತಿದರೆ ಎದುರಿಗೇ ಗೋಮಿಬಾಯಿ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸರಿದು ಜಾಗ ಮಾಡಿದಳು.

"ಬಾ ಸುಗರಾ, ಕೂಡು. ಈ ಬಸ್ಸಿನಾಗೂ ಭಾಳ ತೂತ ಅದಾವ. ನೀ ಮಾತ್ರ ಕೈ ಹಚ್ಚಬ್ಯಾಡ. ನನಗ ಪಣಜಿ ಮುಟ್ಟಬೇಕಾಗೇತಿ."