ಒಳಗೆ ಯಾರೂ ಇಲ್ಲದವಳು

ಸುಮ್ಮನೆ ಕುಳಿತು ನೋಡುವುದೇ ಕೆಲಸವಾದರೂ ನಮ್ಮ ಕಡೆಯ ಜನ ಯಾರನ್ನೂ ಸುಮ್ಮನೆ ಕೂರಲು ಬಿಡುವುದಿಲ್ಲ. ಕಾಲೇಜಿನ ಆಫೀಸಿನಿಂದ ನಿವೃತ್ತಳಾದ ಮೇಲೆ ದೇವರು ನನಗೆ ಕರುಣಿಸಿದ್ದು ಅಂಥದೇ ಒಂದು ಕೆಲಸ. ಐಸಿಯು ಹೊರಗೆ ಕಾಯುವ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಮನಃಶಾಸ್ತ್ರದ ಮೇಡಂ ಒಬ್ಬರು ಸಂಶೋಧನೆ ಮಾಡುತ್ತಿದ್ದರು. ಮಣಿಪಾಲದ ಒಂದು ಆಸ್ಪತ್ರೆ ಒಪ್ಪಿಗೆ ಕೊಟ್ಟಿತ್ತು. ನಾನು ದಿನಾ ಉಡುಪಿಯಿಂದ ಬಸ್ಸಿನಲ್ಲಿ ಹೋಗಿ, ಕಾಯುವ ಕೋಣೆಯ ಮೂಲೆಯಲ್ಲಿ ಕುಳಿತು, ಯಾರು ಅತ್ತರು, ಯಾರು ಯಾರಿಗೆ ನೀರು ಕೊಟ್ಟರು ಎಂದು ಮೊಬೈಲಿನಲ್ಲಿ ಗುರುತು ಹಾಕಬೇಕು. ಮಠದ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ ಕೈಮುಗಿಯುವುದು ಬಿಟ್ಟರೆ ನನಗೆ ಬೇರೆ ವೀಕ್ಷಣೆ ಗೊತ್ತಿರಲಿಲ್ಲ.

೧. ಗೋಡೆ

ಮಾತಾಡಬಾರದು, ಸಮಾಧಾನ ಹೇಳಬಾರದು, ಅಳಬಾರದು. ನೀವು ನಡುವೆ ಬಂದರೆ ಅವರ ನಡತೆ ಬದಲಾಗುತ್ತದೆ, ಗೋಡೆಯ ಹಾಗೆ ಇರಿ ಎಂದರು ಮೇಡಂ. 'ಇಲ್ಲಿ ವೀಕ್ಷಣೆ ನಡೆಯುತ್ತಿದೆ' ಎಂದು ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದರು. ಜನ ಅದನ್ನು ಓದಿ, ಮೇಲೆ ಕ್ಯಾಮೆರಾ ಹುಡುಕಿ, ತಲೆಗೂದಲು ಸರಿಮಾಡಿಕೊಂಡು ನನ್ನ ಪಕ್ಕದಲ್ಲೇ ಬಂದು ಕೂರುತ್ತಿದ್ದರು.

ಮೊದಲ ದಿನವೇ ಒಬ್ಬರು, ನಿಮ್ಮವರು ಯಾರು ಒಳಗೆ ಎಂದು ಕೇಳಿದರು. ಸುಳ್ಳು ಹೇಳಿದರೆ ದೇವರಿಗಾಗದು, ನಿಜ ಹೇಳಿದರೆ ಮೇಡಂಗಾಗದು. "ದೇವರಿದ್ದಾನೆ" ಎಂದೆ.

ಕೇಳಿದವರ ಮುಖ ಇಳಿದುಹೋಯಿತು. ಅಷ್ಟು ಕೈಮೀರಿದ ಕೇಸು ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ಎದ್ದು, ಫ್ಯಾನಿನ ಕೆಳಗಿನ ತಮ್ಮ ಕುರ್ಚಿಯನ್ನು ಗೋಡೆಗೆ ಬಿಟ್ಟುಕೊಟ್ಟರು.

೨. ಎರಡನೆಯ ಕಣ್ಣು

ಒಬ್ಬರು ನೋಡಿದ್ದನ್ನು ಶಾಸ್ತ್ರ ನಂಬುವುದಿಲ್ಲವಂತೆ. ಇನ್ನೊಬ್ಬರೂ ಬೇರೆಯಾಗಿ ನೋಡಿ, ಎರಡೂ ತಾಳೆಯಾಗಬೇಕಂತೆ. ಪಿಎಚ್‌ಡಿ ಮಾಡುತ್ತಿದ್ದ ಕಾರ್ಕಳದ ಲೆಕ್ಚರರೊಬ್ಬರನ್ನು ಮೇಡಂ ಎದುರಿನ ಮೂಲೆಯಲ್ಲಿ ಕೂರಿಸಿದರು. ಅವರು ಯಾರೆಂದು ನನಗೂ, ನಾನು ಯಾರೆಂದು ಅವರಿಗೂ ಹೇಳಲಿಲ್ಲ.

ವಾರದ ಕೊನೆಗೆ ತಾಳೆ ನೋಡಿದರು. ಲೆಕ್ಚರರು ಬರೆದದ್ದು, ಮೂಲೆಯ ಹೆಂಗಸು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಾರೆ, ತೀವ್ರ ಆತಂಕ. ನಾನು ಮಾಡುತ್ತಿದ್ದದ್ದು ನಾಮಜಪ. ನಾನು ಬರೆದದ್ದು, ಗಡ್ಡದ ಮನುಷ್ಯ ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಜೊತೆಗೆ ಯಾರೂ ಇಲ್ಲ, ಪಾಪ, ಒಳಗಿರುವುದು ತಾಯಿಯೇ ಇರಬೇಕು. ಆ ಜಪದಲ್ಲಿ ಅರ್ಧ ಅವರ ತಾಯಿಗಾಗಿಯೇ ಆಗಿತ್ತು. ತಾಯಿ ಕಾರ್ಕಳದಲ್ಲಿ ಗಟ್ಟಿಮುಟ್ಟಾಗಿದ್ದಾರಂತೆ.

ಮೇಡಂ ಹಣೆ ಹಿಡಿದುಕೊಂಡರು. "ಅಷ್ಟು ಜನರ ನಡುವೆ ನಿಮ್ಮ ಕಣ್ಣಿಗೆ ದುಃಖಿಗಳಾಗಿ ಕಂಡದ್ದು ನೀವಿಬ್ಬರೇ ಅಲ್ವಾ?"

೩. ಉಪವಾಸ

ನನ್ನ ಪಕ್ಕದ ಕುರ್ಚಿಗೆ ಕಾಪುವಿನ ಮೀನು ಮಾರುವ ಅಕ್ಕ ಬಂದರು. ಗಂಡ ಬೋಟಿನಲ್ಲಿ ಜಾರಿ, ತಲೆಗೆ ಪೆಟ್ಟಾಗಿ, ಒಳಗೆ ಪ್ರಜ್ಞೆ ಇಲ್ಲದೆ ಮಲಗಿದ್ದರು. ಬಾಗಿಲು ತೆರೆದಾಗಲೆಲ್ಲ ಅಕ್ಕ ಅರ್ಧ ಏಳುವರು, ಬೇರೆಯವರನ್ನು ಕರೆದರೆ ಮತ್ತೆ ಕೂರುವರು. ನಾನು ಗುರುತು ಹಾಕುತ್ತಿದ್ದೆ. ಅವರ ಜೊತೆ ನಾನೂ ಅರ್ಧ ಏಳುತ್ತಿದ್ದೆ, ಅದಕ್ಕೆ ಮಾತ್ರ ಮೇಡಂ ಗುರುತು ಕೊಟ್ಟಿರಲಿಲ್ಲ.

ಏಕಾದಶಿಯ ದಿನ ನಾನು ಏನೂ ತಿನ್ನಲಿಲ್ಲ. ಅಕ್ಕ ಮೂರು ಸಲ ನನ್ನ ಮುಖ ನೋಡಿದರು. ಉಪವಾಸವೆಂದು ಗೋಡೆ ಹೇಳುವುದು ಹೇಗೆ? ಮರುದಿನ ಬುತ್ತಿ ಬಿಚ್ಚಿ ನನ್ನ ಮಡಿಲಲ್ಲಿಟ್ಟರು.

"ಅಮ್ಮಾ, ಇದು ಮೀನಿನ ಪಾತ್ರೆ ಅಲ್ಲ, ಅಂಗಡಿಯಿಂದ ಹೊಸತು ತಂದದ್ದು. ಗಂಡನ ಚಿಂತೆ ಎಷ್ಟಿದ್ದರೂ ಹೊಟ್ಟೆಗೆ ಹಾಕಬೇಕು."

ನನ್ನ ಕರಿಮಣಿ ನೋಡಿ, ಒಳಗಿರುವುದು ಗಂಡನೇ ಎಂದು ಅವರಾಗಿಯೇ ತೀರ್ಮಾನಿಸಿದ್ದರು. ಗಂಜಿಯೂ ಉಪ್ಪಿನಕಾಯಿಯೂ ದೇವರ ಪ್ರಸಾದದಂತಿದ್ದವು. ಊಟ ಕೊಟ್ಟವರ ಹೆಸರಿಗೆ ಗುರುತು ಹಾಕಿದೆ. ಉಂಡವರು ಯಾರೆಂದು ಬರೆಯಲಿಲ್ಲ.

೪. ಫಲಿಸಿದ ಹರಕೆ

ಒಂದು ಮಧ್ಯಾಹ್ನ ಅಕ್ಕನನ್ನು ಕರೆದರು. ಒಳಗೆ ಹೋದವರು ಬೇಗ ಹೊರಗೆ ಬಂದರು. ಗಂಡ ತೀರಿಕೊಂಡಿದ್ದರು. ಅಕ್ಕ ಅಳಲಿಲ್ಲ. ನರ್ಸಿನ ಕೈ ಹಿಡಿದು, ನನ್ನ ಕಡೆ ತೋರಿಸಿ, ನನ್ನದಂತೂ ಮುಗಿಯಿತು, ಈ ಅಮ್ಮನಿಂದ ಇನ್ನು ಮುಚ್ಚಿಡಬೇಡಿ, ಅವರ ಗಂಡ ಹೇಗಿದ್ದಾರೆಂದು ಹೇಳಿಬಿಡಿ ಎಂದರು.

ನರ್ಸ್ ಅಂದೇ ಆ ವಿಭಾಗಕ್ಕೆ ಬಂದ ಹೊಸಬರು. ಒಳಗೆ ಹೋಗಿ ಎಲ್ಲ ಹಾಸಿಗೆ ನೋಡಿ ಬಂದರು. ನನ್ನ ಗಂಡ ಯಾವುದರಲ್ಲೂ ಇರಲಿಲ್ಲ. ದೊಡ್ಡ ನರ್ಸ್ ಬಂದರು, ಸೆಕ್ಯೂರಿಟಿಯವರು ಬಂದರು, ಎಲ್ಲರೂ ನನ್ನ ಮುಂದೆ ಬಗ್ಗಿ ಮೆಲ್ಲಗೆ, ಪೇಷಂಟನ್ನು ಯಾವಾಗ ತಂದದ್ದು ಎಂದು ವಿಚಾರಿಸತೊಡಗಿದರು. ಎದುರಿನ ಮೂಲೆಯಲ್ಲಿ ಕಾರ್ಕಳದವರು ಶ್ರದ್ಧೆಯಿಂದ ಗುರುತು ಹಾಕುತ್ತಿದ್ದರು.

ನನ್ನವರು ಯಾರೂ ಒಳಗಿಲ್ಲ, ನಾನು ನೋಡಲು ಕೂತವಳು ಎಂದು ಹೇಳಿದೆ. ಹೇಳಿ, ಅಕ್ಕನ ಕೈ ಹಿಡಿದು, ಮೇಡಂ ಬೇಡವೆಂದದ್ದನ್ನೆಲ್ಲ ಮಾಡಿದೆ.

"ಹಾಗಾದರೆ ನಿಮ್ಮ ಗಂಡ ಎಲ್ಲಿ?" ಎಂದರು ಅಕ್ಕ.

"ಮನೆಯಲ್ಲಿ. ಪೇಪರ್ ಓದುತ್ತಿರಬಹುದು."

"ಹುಷಾರಿದ್ದಾರಲ್ವಾ?"

"ಹುಷಾರಿದ್ದಾರೆ."

ಅಕ್ಕ ಕಣ್ಣುಮುಚ್ಚಿ ಕೈಮುಗಿದರು. "ಮಾರಿಯಮ್ಮನಿಗೆ ಇಬ್ಬರ ಗಂಡಂದಿರ ಹೆಸರಲ್ಲೂ ಮಲ್ಲಿಗೆ ಹರಕೆ ಹೇಳಿಕೊಂಡಿದ್ದೆ ಅಮ್ಮಾ. ನಿಮ್ಮವರನ್ನಾದರೂ ಉಳಿಸಿಕೊಟ್ಟಳಲ್ಲ. ಹೂವು ಒಪ್ಪಿಸಲು ಮರೆಯಬೇಡಿ."

ಆಮೇಲೆ ಅವರು ಅತ್ತರು.

ಮಾರಿಯಮ್ಮನಿಗೆ ಮಾತು ಯಾರು ಕೊಟ್ಟರೇನು, ತಪ್ಪಬಾರದು. ಮಂಗಳವಾರ ಶಂಕರಪುರದ ಮಲ್ಲಿಗೆ ಹಿಡಿದು ಕಾಪುವಿನ ಮಾರಿಗುಡಿಗೆ ಹೊರಟೆ. ಗಂಡ ಪೇಪರಿನಿಂದ ತಲೆ ಎತ್ತಿ, ಯಾರ ಹರಕೆ ಎಂದು ಕೇಳಿದರು.

"ನಿಮ್ಮದೇ. ನೀವು ಬದುಕಿ ಉಳಿದದ್ದಕ್ಕೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನನಗೆ ಎಂತ ಆಗಿತ್ತು ಮಾರಾಯ್ತಿ? ಯಾರೂ ಹೇಳಲೇ ಇಲ್ಲವಲ್ಲ."